ನಾಲ್ಕು ಚುಕ್ಕೆಯ ರಾಜ ರಾಣಿ

ನಾನು ಚಿಕ್ಕವನಿದ್ದಾಗ ಭದ್ರಾವತಿಯ ದೊಡ್ಡ ಬಂಗಲೆಗಳ ಮುಂಬಾಗಿಲು ನಮ್ಮಂಥ ಮಕ್ಕಳಿಗೆ ತೆರೆಯುತ್ತಿದ್ದದ್ದು ವರ್ಷಕ್ಕೆ ಹತ್ತೇ ದಿನ. ಅವು ದಸರೆಯ ದಿನಗಳು. ಮಿಕ್ಕ ದಿನಗಳಲ್ಲಿ ಆ ಮನೆಗಳಿಗೆ ಏನಾದರೂ ಕೊಡುವುದಿದ್ದರೆ ಬೇಲಿಯ ಪಕ್ಕದ ಕಾಲುದಾರಿಯಲ್ಲಿ ಸುತ್ತಿ ಹೋಗಿ, ಹಿತ್ತಿಲ ಬಾಗಿಲಲ್ಲಿ ನಿಂತು ಅಡುಗೆಯವರನ್ನು ಕೂಗಬೇಕಿತ್ತು. ಹಾಗೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಬೆಳಗಿನ ಸೈರನ್ ಆದರೆ ಏಳಬೇಕು ಎಂದು ಗೊತ್ತಿದ್ದ ಹಾಗೆ ಇದೂ ಗೊತ್ತಿತ್ತು.

ನಮ್ಮ ಮನೆ ಕಾರ್ಖಾನೆಯ ಕ್ವಾರ್ಟರ್ಸ್ ಸಾಲಿನಲ್ಲಿತ್ತು. ಎರಡು ಕೋಣೆ, ಮುಂದೆ ಒಂದು ಜಗಲಿ. ಚಿಮಣಿಯ ಮಸಿ ಗಾಳಿ ಬೀಸಿದ ಕಡೆಗೆಲ್ಲ ಬರುತ್ತಿತ್ತು. ಒಣಗಿದ ಬಿಳಿ ಪಂಚೆಯನ್ನು ಅಕ್ಕ ಎರಡು ಸಲ ಕೊಡವಿಯೇ ಒಳಗೆ ತರುತ್ತಿದ್ದಳು. ನಮ್ಮ ಸಾಲು ದಾಟಿ ಸ್ವಲ್ಪ ಏರು ಹತ್ತಿದರೆ ಬಂಗಲೆಗಳ ರಸ್ತೆ. ಅಲ್ಲಿ ಎರಡೂ ಕಡೆ ಕೊಡೆಯಂತೆ ಹರಡಿದ ದೊಡ್ಡ ಮರಗಳು, ಕತ್ತರಿಸಿ ಸಮ ಮಾಡಿದ ಬೇಲಿ, ಕಾರು ನಿಲ್ಲುವ ಪೋರ್ಟಿಕೊ, ಕೆಂಪು ಹೆಂಚಿನ ಮಾಡು. ಮಧ್ಯಾಹ್ನವೂ ತಂಪಾಗಿರುತ್ತಿದ್ದ ಆ ರಸ್ತೆಯಲ್ಲಿ ನಡೆಯುವಾಗ ನಾವು ಯಾಕೋ ದನಿ ತಗ್ಗಿಸಿ ಮಾತಾಡುತ್ತಿದ್ದೆವು.

ಅಪ್ಪ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ಕಡೆ ಇದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಮರದ ಕೆಲಸ ಏನು ಎಂದು ನೀವು ಕೇಳಬಹುದು. ಕಾದು ನೀರಾದ ಕಬ್ಬಿಣವನ್ನು ಮರಳಿನ ಗುಂಡಿಗೆ ಹುಯ್ಯುತ್ತಾರೆ. ಮರಳಿನಲ್ಲಿ ಚಕ್ರದ್ದೋ ಪೈಪಿನದ್ದೋ ಆಕಾರ ಮೂಡಬೇಕಾದರೆ ಮೊದಲು ಅದನ್ನು ಮರದಲ್ಲಿ ಕೆತ್ತಿರಬೇಕು. ದೊಡ್ಡ ಅಚ್ಚುಗಳು ಎರಡು ಹೋಳಾಗಿರುತ್ತವೆ. ಒಂದು ಹೋಳಿನಲ್ಲಿ ಬೆರಳು ಗಾತ್ರದ ಮರದ ಗೂಟ, ಇನ್ನೊಂದರಲ್ಲಿ ಅದೇ ಅಳತೆಯ ತೂತು. ಗೂಟ ತೂತಿನಲ್ಲಿ ಕೂತರೆ ಮಾತ್ರ ಅದು ಜೋಡಿ. ಬೇರೆ ಅಚ್ಚಿನ ಹೋಳು ತಂದರೆ ಕೂರುವುದೇ ಇಲ್ಲ. "ಜೋಡಿ ತಪ್ಪಿದ್ರೆ ಮನುಷ್ಯರು ಸುಮ್ನಿರಬೋದು ಮಗಾ, ಕಬ್ಬಿಣ ಸುಮ್ನಿರಲ್ಲ," ಎನ್ನುತ್ತಿದ್ದರು ಅಪ್ಪ. ಅವರು ಮಾಡಿದ ಅಚ್ಚಿನಲ್ಲಿ ಜೋಡಿ ತಪ್ಪಿದ್ದೇ ಇಲ್ಲ ಎಂದು ಸಾಲಿನವರೆಲ್ಲ ಹೇಳುತ್ತಿದ್ದರು. ಅಪ್ಪನಿಗೆ ಇದ್ದ ಒಂದೇ ಹೆಮ್ಮೆ ಅದು.

ಅಪ್ಪನ ಕೈಕೆಲಸದ ಸುದ್ದಿ ಬಂಗಲೆಗಳಿಗೂ ಮುಟ್ಟಿತ್ತು, ಬಂಗಲೆಯವರಿಗೆಲ್ಲ ಅವರು ಆಚಾರ್ರು. ಅಲ್ಲಿನ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುತ್ತಿದ್ದರು. ಸಾಲು ಸಾಲು ಮೆಟ್ಟಿಲು, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ, ಅಂದರೆ ಮರದ ರಾಜ ರಾಣಿ. ಮದುವೆಯಲ್ಲಿ ಹುಡುಗಿಗೆ ತವರಿನವರು ಕೊಡುವ ಜೋಡಿ ಅದು. ಆ ವರ್ಷ ಮೂರು ಬಂಗಲೆಗಳಿಂದ ಮೂರು ಜೋಡಿ ನಮ್ಮ ಮನೆಗೆ ಬಂದವು. ಒಂದು ರಾಣಿಗೆ ಮೂಗು ಹೋಗಿತ್ತು, ಒಬ್ಬ ರಾಜನಿಗೆ ಗೆದ್ದಲು ಹಿಡಿದಿತ್ತು, ಇನ್ನೊಂದು ಜೋಡಿ ಪೆಟ್ಟಿಗೆಯೊಳಗೆ ಉಜ್ಜಿ ಬಣ್ಣ ಕಳೆದುಕೊಂಡಿತ್ತು. ಅಪ್ಪ ಎರಡು ವಾರ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಕೆತ್ತಿದರು, ಅಂಟು ಹಾಕಿದರು, ಬಣ್ಣ ಹಚ್ಚಿದರು. ಮನೆಯಲ್ಲಿ ಇದ್ದದ್ದು ಕೆಂಪು ಮತ್ತು ಹಸಿರು ಬಣ್ಣ ಮಾತ್ರ. ಹಾಗಾಗಿ ಮೂರು ರಾಣಿಯರಿಗೂ ಕೆಂಪು ಸೀರೆ, ಹಸಿರು ಕುಪ್ಪಸ. ಮೂವರೂ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದರು.

ಬೇರೆಯವರ ಗೊಂಬೆಗೆ ತೂತು ಕೊರೆಯುವ ಹಾಗಿರಲಿಲ್ಲ. ಅದಕ್ಕೆ ಅಪ್ಪ ಪೀಠದ ತಳದಲ್ಲಿ ಸುಣ್ಣದಿಂದ ಬಿಳಿ ಚುಕ್ಕೆ ಇಟ್ಟರು. ದೊಡ್ಡ ಬಂಗಲೆಯ, ಅಂದರೆ ಕಾರ್ಖಾನೆಯ ದೊಡ್ಡ ಸಾಹೇಬರ ಮನೆಯ, ಜೋಡಿಗೆ ಒಂದೊಂದು ಚುಕ್ಕೆ, ಡಾಕ್ಟರ ಬಂಗಲೆಯ ಜೋಡಿಗೆ ಎರಡೆರಡು, ಆಗಷ್ಟೇ ಮದುವೆಯಾಗಿ ಬಂದಿದ್ದ ಹೊಸ ಇಂಜಿನಿಯರರ ಬಂಗಲೆಯ ಜೋಡಿಗೆ ಮೂರು ಮೂರು.

ಪಾಡ್ಯದ ದಿನ, ಅಂದರೆ ಗೊಂಬೆ ಕೂರಿಸುವ ಮೊದಲ ದಿನ, ಅಪ್ಪ ಕೆಲಸಕ್ಕೆ ಹೊರಡುವಾಗ ಅಕ್ಕನನ್ನು ಕರೆದು ಹೇಳಿದರು. "ಪೀಠದ ಬಣ್ಣ ಇನ್ನೂ ಒಂಚೂರು ಅಂಟುತ್ತೆ. ಬಿಸಿಲು ಬಂದ್ಮೇಲೆ ಜಗಲಿ ಮೇಲಿಡು. ಹತ್ತು ಗಂಟೆಗೆ ಅವರವರ ಬಟ್ಟೆಲಿ ಕಟ್ಟಿ ಅವರವರ ಮನೆಗೆ ಕೊಟ್ಟು ಬನ್ನಿ." ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು. ಹದಿನಾಲ್ಕು ವರ್ಷದ ಅಕ್ಕನೇ ಮನೆ ನೋಡಿಕೊಳ್ಳುತ್ತಿದ್ದಳು. ನನಗೆ ಎಂಟು ವರ್ಷ.

ಅಕ್ಕ ಮೂರು ಬಟ್ಟೆ ಹಾಸಿದಳು. ಹಸಿರು ರೇಷ್ಮೆಯ ತುಂಡು ದೊಡ್ಡ ಬಂಗಲೆಯದು, ಬಿಳಿ ಟವಲು ಡಾಕ್ಟರದು, ಹಳದಿ ರವಿಕೆ ಕಣ ಹೊಸಬರದು. ಒಂದೊಂದರ ಮೇಲೂ ಅವರವರ ಜೋಡಿ ನಿಲ್ಲಿಸಿದಳು. ನಲ್ಲಿಯಲ್ಲಿ ನೀರು ಬರುವ ಹೊತ್ತು. ಕೊಡ ತೆಗೆದುಕೊಂಡು ಹೊರಟವಳು, "ನಾನು ಬರೋದು ತಡ ಆದ್ರೆ ಹಾಗೇ ಗಂಟು ಕಟ್ಟಿಡು. ಗೊಂಬೆ ಮುಟ್ಟಿ ಆಟ ಆಡ್ಬೇಡ," ಎಂದಳು.

ನಾನು ಆಡಿದೆ. ರಾಜರು ಮೂವರೂ ಜಗಲಿಯ ಆ ತುದಿಯಲ್ಲಿ ಯುದ್ಧಕ್ಕೆ ನಿಂತರು. ರಾಣಿಯರು ಕಂಬದ ಹಿಂದೆ ಕೋಟೆಯೊಳಗೆ ಕೂತರು. ಒಬ್ಬ ರಾಜ ಸತ್ತು ಮತ್ತೆ ಎದ್ದ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಅಕ್ಕನ ಕೊಡದ ಸದ್ದು ಕೇಳಿತು. ಯುದ್ಧ ನಿಲ್ಲಿಸಿ ರಾಜರನ್ನು ಎತ್ತಿ ಬಟ್ಟೆಗಳ ಮೇಲಿಟ್ಟೆ, ರಾಣಿಯರನ್ನು ತಂದು ಪಕ್ಕಕ್ಕಿಟ್ಟೆ, ಸರಸರನೆ ಗಂಟು ಕಟ್ಟಿದೆ. ಚುಕ್ಕೆ ನೋಡಬೇಕೆಂದು ಹೊಳೆಯಲೇ ಇಲ್ಲ. ಅಂಗೈ ನೋಡಿಕೊಂಡರೆ ಕೆಂಪಗೆ ಬಣ್ಣ ಮೆತ್ತಿಕೊಂಡಿತ್ತು. ಚಡ್ಡಿಗೆ ಒರೆಸಿದೆ, ಹೋಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಅಕ್ಕ ಎರಡು ಗಂಟು ಹಿಡಿದಳು, ನಾನೊಂದು. ದೊಡ್ಡ ಬಂಗಲೆಯ ಹಿತ್ತಿಲಲ್ಲಿ ಅಡುಗೆಯವರು ಹಸಿರು ಗಂಟು ಇಸಿದುಕೊಂಡು ಒಳಗೆ ಹೋದರು. ಡಾಕ್ಟರ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸು ಸೆರಗಿಗೆ ಕೈ ಒರೆಸಿ ಬಿಳಿ ಗಂಟು ತೆಗೆದುಕೊಂಡಳು. ಮೂರನೆಯ ಬಂಗಲೆಯಲ್ಲಿ ಮಾತ್ರ ಹೊಸ ಅಮ್ಮಾವ್ರು ತಾವೇ ಹಿತ್ತಿಲಿಗೆ ಬಂದರು. ಮೈಸೂರಿನ ಕಡೆಯವರು, ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಮೆಟ್ಟಿಲ ಮೇಲೆಯೇ ನಿಂತು ಆಸೆಯಿಂದ ಗಂಟು ಬಿಚ್ಚಿ, ಎರಡು ಕೈಯಲ್ಲಿ ಎರಡು ಗೊಂಬೆ ಹಿಡಿದು ಬೆಳಕಿಗೆ ಎತ್ತಿದರು. ನಾನು ಕೆಳಗಿನ ಮೆಟ್ಟಿಲಲ್ಲಿದ್ದೆ. ಪೀಠದ ತಳ ನನ್ನ ಕಣ್ಣಿಗೆ ನೇರವಾಗಿತ್ತು. ರಾಜನಿಗೆ ಮೂರು ಚುಕ್ಕೆ. ರಾಣಿಗೆ ಒಂದೇ ಚುಕ್ಕೆ.

ಹೊಸ ಅಮ್ಮಾವ್ರು ರಾಣಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಚೆನ್ನಾಗಿ ಮಾಡಿದಾರೆ ಅಂತ ಆಚಾರ್ರಿಗೆ ಹೇಳಿ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತೆ. ಅನ್ನವನ್ನು ಬೆರಳಲ್ಲಿ ಕಲಸುತ್ತಲೇ ಇದ್ದೆ. "ಏನೋ, ಅಗುಳು ಎಣಿಸ್ತಿದೀಯಾ? ಪರೀಕ್ಷೆ ಇಟ್ಟಿದಾರಾ?" ಎಂದಳು ಅಕ್ಕ. ನನಗೆ ಅಳು ಬಂತು. ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಡೆಯಲಿಲ್ಲ, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಗೋಡೆಗೆ ಒರಗಿ ಕೂತಳು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಗೊಂಬೆಗೆ ಒಮ್ಮೆ ಆರತಿ ಆಯಿತೆಂದರೆ ವಿಜಯದಶಮಿಯವರೆಗೆ ಅದನ್ನು ಕದಲಿಸುವ ಹಾಗಿಲ್ಲ. ಒಬ್ಬರ ರಾಣಿ ಇನ್ನೊಬ್ಬರ ರಾಜನ ಪಕ್ಕ ಹತ್ತು ದಿನ ಕೂತಿದ್ದಾಳೆ ಎಂದು ಆಮೇಲೆ ತಿಳಿದರೆ ಮುಗಿಯಿತು. ಆ ವರ್ಷ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಹಾಲು ಒಡೆದರೂ, ಅದಕ್ಕೆ ಈ ಗೊಂಬೆಯೇ ಕಾರಣ. ಗೊಂಬೆ ಕೊಟ್ಟವರು ಯಾರು? ಆಚಾರ್ರು. ಜೋಡಿ ತಪ್ಪದ ಆಚಾರ್ರು. ಬಂಗಲೆ ಬಂಗಲೆಗೆ ಹೋಗಿ ಅಪ್ಪ ಕೈಮುಗಿದು ನಿಲ್ಲುವುದು ನನ್ನ ಕಣ್ಣಿಗೆ ಕಟ್ಟಿತು.

"ಅಪ್ಪಂಗೆ ಹೇಳಣ್ವಾ?" ಎಂದೆ.

"ಅಪ್ಪ ಬರೋದು ಸಂಜೆ ಸೈರನ್ ಆದ್ಮೇಲೆ. ದೊಡ್ಡ ಬಂಗಲೆಲಿ ಮೊದಲನೇ ಆರತಿ ಸೈರನ್ನಿಗೇ, ಮಿಕ್ಕವರ ಮನೇಲಿ ಅದರ ಹಿಂದೇನೇ. ಅಷ್ಟೊತ್ತಿಗೆ ಎಲ್ಲಾ ಆಗೋಗಿರುತ್ತೆ." ಅಕ್ಕ ಎದ್ದಳು. "ನಡಿ. ಗೊಂಬೆ ನೋಡೋಕೆ ಹೋಗಣ. ಇವತ್ತು ಮುಂದಿನ ಬಾಗಿಲು ತೆಗ್ದಿರುತ್ತೆ."

ತನ್ನ ಒಂದೇ ಒಂದು ರೇಷ್ಮೆ ಲಂಗ ಉಟ್ಟಳು. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಕಲ್ಲಿನ ಮೇಲೆ ನಿಲ್ಲಿಸಿ ಕಾಲು ತಿಕ್ಕಿದಳು. ಕೈಗೂ ಸೋಪು ಹಾಕಿದಳು, ಕೆಂಪು ಮಾತ್ರ ಬಿಡಲಿಲ್ಲ.

ಮೊದಲು ಹೊಸ ಅಮ್ಮಾವ್ರ ಬಂಗಲೆಗೆ ಹೋದೆವು. ಜೀವನದಲ್ಲಿ ಮೊದಲ ಸಲ ಆ ಮನೆಯ ಪೋರ್ಟಿಕೊದ ಕೆಳಗೆ ನಿಂತಿದ್ದೆ. ನೆಲ ಎಷ್ಟು ನುಣುಪು ಎಂದರೆ ನನ್ನ ಪಾದದ ನೆರಳು ಅದರಲ್ಲಿ ಕಾಣುತ್ತಿತ್ತು. "ಗೊಂಬೆ ಕೂರ್ಸಿದೀರಾ?" ಎಂದು ಅಕ್ಕ ಎಲ್ಲ ಮಕ್ಕಳೂ ಕೇಳುವ ಹಾಗೆ ಕೂಗಿದಳು, ದನಿ ಅರ್ಧಕ್ಕೇ ನಿಂತಿತು. ಹೊಸ ಅಮ್ಮಾವ್ರು ಬಂದರು. ಅಕ್ಕ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಟ್ಟರು. "ನನಗೆ ಬೆಳಿಗ್ಗೇನೇ ಅನ್ನಿಸ್ತು, ಇದು ನಮ್ಮಮ್ಮ ಕೊಟ್ಟ ರಾಣಿ ಅಲ್ಲ ಅಂತ. ಆದ್ರೆ ಪಾಪ, ಆಚಾರ್ರು ಅಷ್ಟು ಕಷ್ಟಪಟ್ಟಿದಾರೆ, ಹೇಗೆ ಹೇಳೋದು? ಬಣ್ಣ ಬಳಿದ್ರೆ ಮುಖಾನೂ ಬದಲಾಗುತ್ತೇನೋ ಅಂದ್ಕೊಂಡು ಸುಮ್ಮನಾದೆ. ಮಧ್ಯಾಹ್ನದಿಂದ ನಾಲ್ಕು ಸಲ ಹೋಗಿ ನೋಡಿದೀನಿ."

ಅವರ ರಾಣಿ ಡಾಕ್ಟರ ಮನೆಯಲ್ಲಿತ್ತೋ ದೊಡ್ಡ ಬಂಗಲೆಯಲ್ಲಿತ್ತೋ ನಮಗೆ ಗೊತ್ತಿರಲಿಲ್ಲ. ನಾನು ಮೂರನ್ನೂ ಕಲಸಿಬಿಟ್ಟಿದ್ದರೆ ಏನು ಗತಿ ಎಂದು ಅಕ್ಕನ ಹೆದರಿಕೆ. ಹೊಸ ಅಮ್ಮಾವ್ರು ಒಂದು ಚುಕ್ಕೆಯ ರಾಣಿಯನ್ನು ಹೂವಿನ ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಸೇವಂತಿಗೆ ಹರಡಿದರು. "ಹೇಗಿದ್ರೂ ನಾನು ಆರತಿಗೆ ದೊಡ್ಡ ಬಂಗಲೆಗೆ ಹೋಗ್ಬೇಕು. ದಾರಿಲಿ ಡಾಕ್ಟರ ಮನೆ. ಬನ್ನಿ ನನ್ನ ಜೊತೆ," ಎಂದರು.

ಹಾಗೆ ನಾವು ಮೂವರೂ, ಬುಟ್ಟಿಯೊಳಗಿದ್ದ ರಾಣಿಯೂ, ಆ ಮರಗಳ ಕೆಳಗೆ ರಸ್ತೆಯ ನಟ್ಟನಡುವೆ ನಡೆದೆವು. ಒಂದೊಂದು ಗೇಟು ದಾಟುವಾಗಲೂ ಹೊಸ ಅಮ್ಮಾವ್ರು ಅದು ಯಾರ ಮನೆ ಎಂದು ಹೇಳುತ್ತಿದ್ದರು, ತಾವೇ ಬಾಯಿಪಾಠ ಒಪ್ಪಿಸುವವರ ಹಾಗೆ. ಇಲ್ಲಿ ಪಿಯಾನೊ ಇದೆ, ಬಾರಿಸುವವರಿಲ್ಲ. ಇಲ್ಲಿ ಎರಡು ನಾಯಿ, ಎರಡಕ್ಕೂ ಇಂಗ್ಲಿಷಿನಲ್ಲೇ ಹೇಳಬೇಕು. ಇಲ್ಲಿಯ ಅಮ್ಮಾವ್ರು ಕ್ಲಬ್ಬಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಾರೆ, ಸೋತರೆ ಎರಡು ದಿನ ಮಾತಾಡುವುದಿಲ್ಲ. ಅವರಿಗೂ ಆ ರಸ್ತೆ ನಮ್ಮಷ್ಟೇ ಹೊಸದು, ನಮ್ಮಷ್ಟೇ ಭಯದ್ದು ಎಂದು ನನಗೆ ಆಗ ತಿಳಿಯಲಿಲ್ಲ.

ಡಾಕ್ಟರ ಬಂಗಲೆಯೊಳಗೆ ಸ್ಪಿರಿಟ್ಟಿನ ವಾಸನೆಯೂ ಒಗ್ಗರಣೆಯ ವಾಸನೆಯೂ ಕೂಡಿಕೊಂಡಿದ್ದವು. ಗಾಜಿನ ಬೀರುವಿನ ತುಂಬ ಪುಸ್ತಕ, ಗೋಡೆಗೆ ಆಳೆತ್ತರದ ಗಡಿಯಾರ. ಡಾಕ್ಟರಮ್ಮ ಗುಂಡಗೆ ನಗುಮುಖದವರು. "ಹಾಡು ಹೇಳಿದ್ರೇನೇ ಗೊಂಬೆ ಬಾಗಿನ," ಎಂದರು. ಗೊಂಬೆ ಬಾಗಿನ ಎಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ. ಅಕ್ಕ ಕಣ್ಣು ಮುಚ್ಚಿ ಹಾಡಿದಳು. ನಾನು ಮೇಲಿನ ಮೆಟ್ಟಿಲಿನ ರಾಣಿಯನ್ನೇ ನೋಡುತ್ತಿದ್ದೆ. ರಾಜನಿಗಿಂತ ಒಂದು ಬೆರಳು ಗಿಡ್ಡವಿದ್ದಳು, ಸರಿಯಾಗಿ ಎಷ್ಟಿರಬೇಕೋ ಅಷ್ಟು. ಆದರೂ ನಂಬಿಕೆ ಬರದೆ ಕತ್ತು ಓರೆ ಮಾಡಿ ನೋಡಿದೆ.

"ಏನೋ ಮರಿ, ಗೊಂಬೆ ನೋಡೋಕೆ ಬಂದಿದೀಯೋ, ಹೆಣ್ಣು ನೋಡೋಕೆ ಬಂದಿದೀಯೋ?" ಎಂದರು ಡಾಕ್ಟರಮ್ಮ. ಹೊಸ ಅಮ್ಮಾವ್ರು ನಗುತ್ತ, "ಹತ್ರದಿಂದ ತೋರಿಸಿಬಿಡಿ ಅಕ್ಕ, ಅವರಪ್ಪ ಮಾಡಿದ್ದಲ್ವಾ," ಎಂದರು. ಡಾಕ್ಟರಮ್ಮ ರಾಣಿಯನ್ನು ಕೆಳಗಿಳಿಸಿ ನನ್ನ ಮೂಗಿನ ಮುಂದೆ ಹಿಡಿದರು. ತಳದಲ್ಲಿ ಎರಡು ಚುಕ್ಕೆ. ಅಕ್ಕ ಕೂತಲ್ಲೇ ಸಡಿಲವಾದಳು. ಹಾಗಾದರೆ ಕಲಸಿದ್ದು ಎರಡೇ ಜೋಡಿ. ಹೊಸ ಅಮ್ಮಾವ್ರ ರಾಣಿ ಇರುವುದು ದೊಡ್ಡ ಬಂಗಲೆಯಲ್ಲಿ. ಆದರೆ ಆ ಬಂಗಲೆಗೇ ನಾವು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು.

ದೊಡ್ಡ ಬಂಗಲೆಯ ಗೇಟಿನಲ್ಲಿ ಹೂಗಿಡಗಳಿಗೆ ನೀರು ಹಾಯಿಸುತ್ತಿದ್ದ ಮಾಲಿ ನನ್ನನ್ನು ನೋಡಿ, "ಏನು ತಂಬಿ, ಮುಂದಿನ ಬಾಗ್ಲಾ? ಇವತ್ತು ನೀನೇ ದೊರೆ, ಹೋಗು ಹೋಗು," ಎಂದ. ಡಾಕ್ಟರಮ್ಮನೂ ನಮ್ಮ ಜೊತೆಗೇ ಬಂದಿದ್ದರು.

ಆ ಮನೆಯ ಹಜಾರವನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಸಾಲಿನ ನಾಲ್ಕು ಮನೆ ಅದರೊಳಗೆ ಹಿಡಿಸುತ್ತಿದ್ದವು. ಗೋಡೆಯ ಮೇಲೆ ಕೊಂಬಿನ ಜಿಂಕೆ ತಲೆ, ಅದರ ಗಾಜಿನ ಕಣ್ಣು ನಾನು ಹೋದ ಕಡೆಗೆಲ್ಲ ಬರುತ್ತಿತ್ತು. ಮೇಲೆ ಎತ್ತರದಲ್ಲಿ ಫ್ಯಾನು, ಕೆಳಗೆ ಕೆಂಪು ಜಮಖಾನೆ, ಮಲ್ಲಿಗೆ ಮತ್ತು ಪೌಡರಿನ ಪರಿಮಳ. ಲೇಡೀಸ್ ಕ್ಲಬ್ಬಿನ ಹನ್ನೆರಡು ಮಂದಿ ಅಮ್ಮಾವ್ರು ಕೂತಿದ್ದರು. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳುವಂತಿರಲಿಲ್ಲ. ಯಜಮಾನರ ಹುದ್ದೆ ದೊಡ್ಡದಾದಷ್ಟೂ ಸೋಫಾ ಮೆತ್ತಗೆ. ಕೊನೆಯಲ್ಲಿ ಬಾಗಿಲ ಪಕ್ಕ ಒಂದು ಬೆತ್ತದ ಕುರ್ಚಿ ಖಾಲಿಯಿತ್ತು. ಅದು ಹೊಸ ಅಮ್ಮಾವ್ರದು. ಎಲ್ಲರ ಎದುರು, ಗೊಂಬೆ ಮೆಟ್ಟಿಲಿನ ಪಕ್ಕ, ಕಂದು ಬಣ್ಣದ ಸೀರೆಯ ದೊಡ್ಡ ಅಮ್ಮಾವ್ರು. ಅವರು ಕೂಗಾಡುವುದನ್ನು ಯಾರೂ ಕೇಳಿರಲಿಲ್ಲ. ಅವರು ಸುಮ್ಮನೆ ನೋಡಿದರೇ ಸಾಕು ಎನ್ನುತ್ತಿದ್ದರು.

ಒಂಬತ್ತನೇ ಮೆಟ್ಟಿಲಿನಲ್ಲಿ ಪುಟ್ಟ ರಾಜ, ಪಕ್ಕದಲ್ಲಿ ಅವನಿಗಿಂತ ಒಂದು ಬೆರಳು ಎತ್ತರದ ರಾಣಿ. ಅಷ್ಟು ದೊಡ್ಡ ಮನೆಯ ಪಟ್ಟದ ಗೊಂಬೆ ಎಲ್ಲರದಕ್ಕಿಂತ ಚಿಕ್ಕದಿತ್ತು. ಯಾರೋ ಒಬ್ಬರು ಆಗಲೇ ಅದನ್ನು ಗಮನಿಸಿ ಸೆರಗಿನ ಮರೆಯಲ್ಲಿ, "ರಾಣಿ ಈ ವರ್ಷ ಬೆಳೆದುಬಿಟ್ಟಿದಾಳೆ ಕಣ್ರೀ," ಎಂದರು. ಪಕ್ಕದವರು, "ಈ ಮನೆಗೆ ಸರಿಯಾಗೇ ಇದೆ ಬಿಡಿ," ಎಂದರು. ದೊಡ್ಡ ಅಮ್ಮಾವ್ರ ಯಜಮಾನರು ಸ್ವಲ್ಪ ಕುಳ್ಳಗಿದ್ದರು. ನಗು ಸೋಫಾದಿಂದ ಸೋಫಾಕ್ಕೆ ಹರಿದು, ದೊಡ್ಡ ಅಮ್ಮಾವ್ರು ತಲೆ ಎತ್ತಿದೊಡನೆ ನಿಂತಿತು.

ಆರತಿಯ ತಟ್ಟೆ ಸಿದ್ಧವಾಗಿತ್ತು. ಗಡಿಯಾರ ನೋಡಿ ಅವರು ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. ಹೊಸ ಅಮ್ಮಾವ್ರು ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದರು. ಆಗ ಅಕ್ಕ ಜಮಖಾನೆಯ ಮಧ್ಯಕ್ಕೆ ನಡೆದಳು.

"ಅಮ್ಮಾ, ಒಂದ್ನಿಮಿಷ. ರಾಣಿ ಅದಲು ಬದಲಾಗಿದಾಳೆ. ನಿಮ್ಮ ರಾಣಿ ಈ ಬುಟ್ಟಿಲಿದಾಳೆ. ನಮ್ಮಪ್ಪ ಸರಿಯಾಗೇ ಗುರುತು ಹಾಕಿದ್ರು, ತಳ ನೋಡಿ ಬೇಕಾದ್ರೆ. ಗಂಟು ಕಟ್ಟಿದ್ದು ನಾನು. ತಪ್ಪು ನಂದು."

ಡಾಕ್ಟರ ಮನೆಯ ಕಡಲೆ ನನ್ನ ಬಾಯಲ್ಲಿತ್ತು. ನಾನು ಕಟ್ಟಿದ್ದು ಎಂದು ಹೇಳಬೇಕು ಎನ್ನಿಸಿತು. ಕಡಲೆ ನುಂಗಲೂ ಆಗಲಿಲ್ಲ, ಮಾತಾಡಲೂ ಆಗಲಿಲ್ಲ.

ದೊಡ್ಡ ಅಮ್ಮಾವ್ರು ಎದ್ದು ನಿಂತರು. ಅವರು ಎದ್ದದ್ದರಿಂದ ಹನ್ನೆರಡು ಮಂದಿಯೂ ಎದ್ದರು, ಮೆತ್ತನೆಯ ಸೋಫಾದವರು ಮೊದಲು, ಆಮೇಲೆ ಉಳಿದವರು. ಅವರು ಅಕ್ಕನನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಕೈ ತೋರ್ಸು," ಎಂದರು. ತೋರಿಸಿದೆ. ಎರಡೂ ಅಂಗೈ ಕೆಂಪು, ರಾಣಿಯ ಸೀರೆಯದೇ ಕೆಂಪು. ನನ್ನ ಕೈ ನೋಡಿದರು, ಅಕ್ಕನ ಬೆಳ್ಳಗಿದ್ದ ಕೈ ನೋಡಿದರು. ತುಟಿಯ ಒಂದು ತುದಿ ಮಾತ್ರ ಅಲುಗಿತು.

"ಸ್ಟೂಲ್ ತನ್ನಿ," ಎಂದರು. ನನಗೆ, "ಹತ್ತು. ಯಾರ ರಾಣಿ ಯಾರಿಗೆ ಅಂತ ನೀನೇ ನೋಡಿ ಇಡು."

ಸ್ಟೂಲು ಹತ್ತಿದೆ. ಅಕ್ಕ ನನ್ನ ಸೊಂಟ ಹಿಡಿದುಕೊಂಡಳು. ಎತ್ತರದ ರಾಣಿಯನ್ನು ತೆಗೆದು ತಳ ನೋಡಿದೆ, ಮೂರು. ಕೆಳಗೆ ಕೊಟ್ಟೆ. ಬುಟ್ಟಿಯ ರಾಣಿಯನ್ನು ಇಸಿದುಕೊಂಡೆ, ಸೇವಂತಿಗೆಯ ಎಸಳು ಕೊಡವಿದೆ, ಒಂದು. ರಾಜನ ತಳವನ್ನೂ ನೋಡಿದೆ, ಒಂದು. ಪಕ್ಕಪಕ್ಕ ಇಟ್ಟೆ. ಇಳಿದೆ. ದೊಡ್ಡ ಅಮ್ಮಾವ್ರು ಕಡ್ಡಿ ಗೀರಿದರು. ಬತ್ತಿ ಹತ್ತಿಕೊಂಡಿತು. ಅದೇ ಹೊತ್ತಿಗೆ ಏರಿನ ಕೆಳಗಿನಿಂದ ಸಂಜೆಯ ಸೈರನ್ ಕೂಗಿತು. ಅಷ್ಟು ಉದ್ದದ ಉಸಿರನ್ನು ಅಕ್ಕ ಬಿಟ್ಟಿದ್ದನ್ನು ನಾನು ಮತ್ತೆ ಎಂದೂ ಕೇಳಲಿಲ್ಲ.

ಆರತಿಯಾದ ಮೇಲೆ ದೊಡ್ಡ ಅಮ್ಮಾವ್ರು ಎಲ್ಲರ ಕಡೆ ತಿರುಗಿ, "ಆಚಾರ್ರ ಕಿವಿಗೆ ಇದು ಬೀಳೋದು ಬೇಡ. ನಮಗೋಸ್ಕರ ಎರಡು ವಾರ ಕೂತು ಮಾಡಿದಾರೆ," ಎಂದರು. ಹನ್ನೆರಡು ತಲೆಗಳೂ ಆಡಿದವು. ಹೊಸ ಅಮ್ಮಾವ್ರಿಗೆ, "ನೀನು ಯಾಕಮ್ಮ ನಿಂತೇ ಇದ್ದೀಯ, ಬಾ ಇಲ್ಲಿ," ಎಂದು ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ನಮಗೆ ಎರಡೆರಡು ಪೊಟ್ಟಣ ಕೊಬ್ಬರಿ ಮಿಠಾಯಿ ಸಿಕ್ಕಿತು. ನಾವು ಮುಂಬಾಗಿಲಿನಿಂದಲೇ ಹೊರಬಂದು, ಗೇಟು ದಾಟುವವರೆಗೆ ನಿಧಾನವಾಗಿ ನಡೆದು, ದಾಟಿದ ಮೇಲೆ ಇಳಿಜಾರಿನಲ್ಲಿ ಕೈ ಕೈ ಹಿಡಿದು ಓಡಿದೆವು. ಅಕ್ಕ 'ಅಪ್ಪ ಬರೋದ್ರೊಳಗೆ, ಅಪ್ಪ ಬರೋದ್ರೊಳಗೆ' ಎನ್ನುತ್ತ ನಗುತ್ತಿದ್ದಳು. ಲಂಗ ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದಳು.

ಆದರೆ ಅಪ್ಪ ನಮಗಿಂತ ಮೊದಲೇ ಬಂದು ಜಗಲಿಯ ಮೇಲೆ ಕೂತಿದ್ದರು. "ಎಲ್ಲಾ ಸರಿಯಾಗಿ ಸೇರಿದ್ವಾ?" ಎಂದು ಕೇಳಿದರು.

"ಹೂಂ ಅಪ್ಪ. ಎಲ್ಲಾ ಅವರವರ ಮನೆ ಸೇರಿದಾವೆ," ಎಂದಳು ಅಕ್ಕ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಪ್ಪ ನನ್ನನ್ನು ಹತ್ತಿರ ಕರೆದರು. ಒಂದು ಚಿಂದಿಗೆ ಸೀಮೆಎಣ್ಣೆ ಹಾಕಿ ನನ್ನ ಅಂಗೈಗಳನ್ನು ಒರೆಸಿದರು. ಒಂದೊಂದೇ ಬೆರಳು ಹಿಡಿದು, ಉಗುರಿನ ಸಂದಿಯನ್ನೂ ಬಿಡದೆ ಒರೆಸಿದರು. "ಸೋಪಿಗೆ ಹೋಗಲ್ಲ ಇದು," ಎಂದರು. ಇನ್ನೇನೂ ಕೇಳಲಿಲ್ಲ.

ನಾನೂ ಹೇಳಲಿಲ್ಲ. ನಾಳೆ ಹೇಳೋಣ, ದಸರೆ ಮುಗಿಯಲಿ, ದೊಡ್ಡವನಾದ ಮೇಲೆ ಹೇಳೋಣ ಎಂದುಕೊಂಡೆ. ಅಪ್ಪ ತೀರಿಕೊಂಡರು. ತಪ್ಪು ನನ್ನದು, ಹೊತ್ತವಳು ಅಕ್ಕ, ಅಪ್ಪನಿಗೆ ತಿಳಿಯಲೇ ಇಲ್ಲ. ಇದೊಂದು ಸಣ್ಣ ಮುಳ್ಳಿನ ಹಾಗೆ ನನ್ನೊಳಗೆ ಉಳಿದುಬಿಟ್ಟಿತ್ತು.

ಅಕ್ಕ ಈ ಆಷಾಢದಲ್ಲಿ ಹೋದಳು. ಮದುವೆಯಾದಾಗಿನಿಂದ ಅವಳಿದ್ದದ್ದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ನಾನಿರುವ ಗೋಪಾಳದಿಂದ ಹೆಚ್ಚು ದೂರವಲ್ಲ. ಪ್ರತಿ ದಸರೆಗೂ ಅವಳ ಮನೆಗೆ ಹೋಗಿ ಗೊಂಬೆ ನೋಡಿ ಬರುತ್ತಿದ್ದೆ. ಅವಳ ಪಟ್ಟದ ಗೊಂಬೆಯನ್ನು ಅಪ್ಪನೇ ಅವಳ ಮದುವೆಗೆ ಕೆತ್ತಿದ್ದು. ಜರಿ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಇಟ್ಟಿರುತ್ತಿದ್ದಳು. ದೂರದಿಂದ ಕೈಮುಗಿದು ಬರುತ್ತಿದ್ದೆನೇ ಹೊರತು ಒಂದು ದಿನವೂ ಅದನ್ನು ಕೈಯಲ್ಲಿ ಹಿಡಿದವನಲ್ಲ. ಗೊಂಬೆ ಮುಟ್ಟುವುದೆಂದರೆ ನನಗೆ ಆಗಿನಿಂದಲೂ ಹೆದರಿಕೆ.

ಹೋದ ವಾರ ಅವಳ ಮಗ ಪೆಟ್ಟಿಗೆ ತಂದಿಟ್ಟ. "ಮಾವ, ಈ ವರ್ಷ ನಮ್ಮನೇಲಿ ಹಬ್ಬ ಮಾಡೋ ಹಾಗಿಲ್ಲ. ಅಮ್ಮನ ಗೊಂಬೆ ಕತ್ತಲೇಲಿ ಇರೋದು ಬೇಡ. ನಿಮ್ಮನೇಲಿ ಕೂರ್ಸಿ," ಎಂದ. ಪೆಟ್ಟಿಗೆಯನ್ನು ಎರಡು ದಿನ ತೆರೆಯಲಾಗಲಿಲ್ಲ. ಭಾನುವಾರ ಮೊಮ್ಮಕ್ಕಳಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು, ಮಲವಗೊಪ್ಪ ದಾಟಿ ಭದ್ರಾವತಿಗೆ ಹೋದೆ. ಆ ಏರಿನ ರಸ್ತೆಯಲ್ಲಿ ನಡೆಸಿದೆ. ಮರಗಳು ಇವೆ. ಒಂದು ಬಂಗಲೆಗೆ ಬೀಗ, ಒಂದರ ಪೋರ್ಟಿಕೊದ ಮೇಲೆ ಬಳ್ಳಿ ಹಬ್ಬಿದೆ, ಒಂದರ ಅಂಗಳದಲ್ಲಿ ಯಾರದೋ ಬಟ್ಟೆ ಒಣಗುತ್ತಿತ್ತು, ಬಿಳಿ ಬಟ್ಟೆ ಬಿಳಿಯಾಗೇ ಇತ್ತು. ನಾನು ಅಭ್ಯಾಸಬಲದಿಂದ ಬೇಲಿಯ ಪಕ್ಕದ ಕಾಲುದಾರಿಗೆ ತಿರುಗಿದೆ. ಮೊಮ್ಮಗ ತೆರೆದ ಗೇಟಿನೊಳಗೆ ಓಡಿ ಮುಂದಿನ ಮೆಟ್ಟಿಲ ಮೇಲೆ ನಿಂತು, "ತಾತ, ದಾರಿ ಇಲ್ಲಿದೆ," ಎಂದು ಕೂಗಿದ. ಹಿತ್ತಿಲ ಬಾಗಿಲು ಎಂದರೆ ಏನೆಂದು ಅವನಿಗೆ ವಿವರಿಸಬೇಕಾಯಿತು. ನಮ್ಮ ಈಗಿನ ಮನೆಗೆ ಇರುವುದು ಒಂದೇ ಬಾಗಿಲು. ಹಾಲಿನವನೂ, ನೆಂಟರೂ, ಕೊರಿಯರ್ ತರುವವನೂ ಅದೇ ಬಾಗಿಲಲ್ಲಿ ಬರುತ್ತಾರೆ.

ಮನೆಗೆ ಬಂದು ಪೆಟ್ಟಿಗೆ ತೆರೆದೆವು. ನ್ಯಾಫ್ತಲಿನ್ ಗುಳಿಗೆಯ ವಾಸನೆ, ಅಕ್ಕನ ಹಳೆಯ ಸೀರೆಯ ತುಂಡು. ಮೊಮ್ಮಗಳು ರಾಜನ ಜರಿ ಬಟ್ಟೆ ಬಿಚ್ಚಿ, "ತಾತ, ಇದರ ಪಕ್ಕದಲ್ಲಿ ಏನೋ ಕಡ್ಡಿ ಚಾಚಿದೆ," ಎಂದಳು. ರಾಜನ ಪೀಠದ ಬದಿಯಲ್ಲಿ ಬೆರಳಿನ ತುದಿಯಷ್ಟು ಒಂದು ಮರದ ಗೂಟ. ರಾಣಿಯ ಪೀಠದ ಬದಿಯಲ್ಲಿ ಒಂದು ತೂತು. ಅವಳು ಎರಡನ್ನೂ ಹತ್ತಿರ ತಂದು ಒತ್ತಿದಳು. ಟಕ್ ಎಂದು ಕೂತವು. ತಿರುಗಿಸಿ ನೋಡಿದೆ. ರಾಜನ ತಳದಲ್ಲಿ ನಾಲ್ಕು ಬಿಳಿ ಚುಕ್ಕೆ. ರಾಣಿಯ ತಳದಲ್ಲೂ ನಾಲ್ಕು.

ಒಂದು, ಎರಡು, ಮೂರು ಆ ಮೂರು ಬಂಗಲೆಗಳವು. ಅವುಗಳ ಮುಂದಿನದು ಅಕ್ಕನದು. ಪಟ್ಟದ ಗೊಂಬೆಗೆ ಗೂಟ ಇಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗುವೊಂದು ಕಲಸಿದರೂ ಜೋಡಿ ತಪ್ಪಬಾರದೆಂದು ಅಪ್ಪ ಮಾಡಿದ್ದು ಅದು. ಅಪ್ಪನಿಗೆ ಗೊತ್ತಿತ್ತು. ಹನ್ನೆರಡು ಅಮ್ಮಾವ್ರಲ್ಲಿ ಯಾರ ಬಾಯಿಂದ ಹೋಯಿತೋ, ಇಲ್ಲ ನನ್ನ ಕೆಂಪು ಅಂಗೈ ಒರೆಸುವಾಗಲೇ ತಿಳಿಯಿತೋ. ಅಕ್ಕನಿಗೂ ಗೊತ್ತಿತ್ತು, ಪ್ರತಿ ದಸರೆಗೂ ಈ ಗೂಟವನ್ನು ಈ ತೂತಿಗೆ ಕೂರಿಸುತ್ತಿದ್ದವಳು ಅವಳೇ. ನನಗೂ ಗೊತ್ತಿದೆ ಎಂದುಕೊಂಡಿದ್ದಳೇನೋ. ನಾನು ಒಂದು ಸಲ ಕೇಳಿದ್ದರೆ ಸಾಕಿತ್ತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ ಅವತ್ತು ಮೊದಲ ಸಲ ನನಗೆ ನಗು ಬಂತು. ಕಣ್ಣೂ ಒದ್ದೆಯಾಯಿತು.

ಇವತ್ತು ಪಾಡ್ಯ. ನಮ್ಮ ಮನೆಯ ಗೊಂಬೆಗೆ ಐದೇ ಮೆಟ್ಟಿಲು. ಕೆಳಗೆ ಮೊಮ್ಮಗನ ಪ್ಲಾಸ್ಟಿಕ್ ಡೈನೋಸಾರ್, ರಾಕೆಟ್, ಜೆಸಿಬಿ. ಸಂಜೆಗೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ, ಬಾಗಿಲು ಈಗಲೇ ತೆರೆದಿಟ್ಟಿದ್ದೇವೆ. ಬೆಳಿಗ್ಗೆ ಮೊಮ್ಮಗ ಹತ್ತಿರ ಬಂದು ಮೆಲ್ಲಗೆ, "ತಾತ, ಆರತಿ ಆಗೋವರೆಗೆ ರಾಜ ರಾಣಿ ಇಟ್ಕೊಂಡು ಆಟ ಆಡ್ಲಾ? ಡೈನೋಸಾರ್ ಜೊತೆ ಯುದ್ಧ," ಎಂದು ಕೇಳಿದ. ಅವರಮ್ಮ ಒಳಗಿನಿಂದ ಬೇಡ ಎನ್ನುವಷ್ಟರಲ್ಲಿ ನಾನು ಎರಡನ್ನೂ ತೆಗೆದು ಅವನ ಕೈಗೆ ಕೊಟ್ಟೆ.

"ಆಡು ಮಗಾ," ಎಂದೆ. "ಈ ಜೋಡಿ ತಪ್ಪಲ್ಲ."